ಮಗ್ಗದ ಮಾತು

ಮೀಸೆಯ ಎಡಬದಿ ಮತ್ತೆ ಬಲಬದಿಗಿಂತ ದಪ್ಪವಾಗಿ ಕಾಣಿಸಿತು. ಎಡಕ್ಕೆ ಕತ್ತರಿ ಆಡಿಸಿದ. ಈಗ ಬಲ ದಪ್ಪ. ಹೀಗೆ ಎರಡು ಕಡೆಗೂ ನ್ಯಾಯ ಒದಗಿಸುತ್ತ ಹೋದರೆ ಕೊನೆಗೆ ಯಾರಿಗೂ ಏನೂ ಉಳಿಯುವುದಿಲ್ಲ ಎಂದು ಹೊಳೆದು ನಗು ಬಂತು. ಕಾರ್ಮಿಕ ಸಂಘದಲ್ಲಿದ್ದಾಗ ಇಂಥ ಎಷ್ಟೋ ರಾಜಿಗಳನ್ನು ಮಾಡಿಸಿದ್ದ. ಕತ್ತರಿ ಕೆಳಗಿಟ್ಟ.

ಕನ್ನಡಿಯ ಮೂಲೆಯಲ್ಲಿ ಅಡುಗೆಮನೆಯ ಬಾಗಿಲು, ಅದರೊಳಗೆ ಹೆಂಡತಿಯ ಬೆನ್ನು. ಅವಳು ಏನೋ ಹೇಳುತ್ತಿದ್ದಳು. ಕೆನ್ನೆಯ ಅಂಚು ಆಡುವುದಷ್ಟೇ ಕಂಡಿತು.

“ಏನಂದೆ?”

ಅವಳು ತಿರುಗಿದಳು. “ಚಹಾ ಆರ್ತಾ ಇದೆ ಅಂದೆ.”

ಹೇಳಿದ್ದು ಅದಕ್ಕಿಂತ ಉದ್ದವಾಗಿತ್ತು. ಆದರೆ ಬೆನ್ನು ಆಡಿದ ಮಾತಿಗೆ ಮುಖದ ಹತ್ತಿರ ವಿವರಣೆ ಕೇಳುವಂತಿಲ್ಲ. ಅದು ಅವರ ಮನೆಯ ಕಾನೂನು. ಅವನ ಎಡಗಿವಿ ಪೂರ್ತಿ, ಬಲಗಿವಿ ಮುಕ್ಕಾಲು ಗಿರಣಿಗೆ ಸಂದಿದ್ದವು. ಎದುರಿನವರ ತುಟಿ ಕಂಡರೆ ಮಾತ್ರ ಮಾತು. ಅವನಿಗೆ ಕೇಳಬಾರದ್ದನ್ನು ಹೇಳಲು ಅವಳು ಬೇರೆ ಕೋಣೆಗೆ ಹೋಗಬೇಕಾಗಿರಲಿಲ್ಲ, ತಿರುಗಿ ನಿಂತರೆ ಸಾಕಿತ್ತು. ಬೇರೆ ಹೆಂಡಂದಿರು ಗಂಡನ ಬೆನ್ನ ಹಿಂದೆ ಮಾತಾಡುತ್ತಾರೆ, ನನ್ನವಳು ತನ್ನ ಬೆನ್ನಿನಲ್ಲೇ ಮಾತಾಡುತ್ತಾಳೆ ಎಂದು ಅವನು ತಮಾಷೆ ಮಾಡುತ್ತಿದ್ದ, ತಮಾಷೆ ಮಾಡುವಷ್ಟು ಗೆಳೆಯರಿದ್ದ ಕಾಲದಲ್ಲಿ.

“ಸಚೇತಕರು ಫೋನ್ ಮಾಡಿದ್ರು,” ಎಂದಳು. ಮನೆಯ ಫೋನು ಅವಳದೇ ಕೆಲಸ. “ಸದನಕ್ಕೆ ಹೋಗೋ ಮುಂಚೆ ಅವರ ಕೋಣೆಗೆ ಬರಬೇಕಂತೆ.”

“ಯಾಕಂತೆ?”

“ಹೇಳಲಿಲ್ಲ. ದನಿ ಬಹಳ ಸಿಹಿಯಾಗಿತ್ತು.”

ಚಹಾ ನಿಜವಾಗಿಯೂ ಆರಿತ್ತು. ಅವನು ಕುಡಿದ.

“ಮೇಸ್ತ್ರಿಯವರ ಬಸ್ಸು ಈಗ ಬಂದಿರತ್ತೆ. ಗುಂಡಕ್ಕ, ಲಾಳಿ ಎಲ್ಲ ಒಟ್ಟಿಗೇ ಬರ್ತಿದಾರೆ. ನಾನೇ ಹೋಗಿ ಕರ್ಕೊಂಡು ಬರ್ತೀನಿ.”

“ಇವತ್ತೇ ಬರಬೇಕಿತ್ತಾ?”

“ಬನ್ನಿ ಅಂತ ಕರೆದೋರು ನೀವು.”

ಅದು ನಿಜ. ತಿಂಗಳ ಹಿಂದೆ ಪ್ರೇಕ್ಷಕರ ಗ್ಯಾಲರಿಗೆ ಪಾಸು ಕಳಿಸಿದ್ದವನು ಅವನೇ.

ಗಂಡ ಹೆಂಡತಿ ಇಬ್ಬರೂ ಒಂದೇ ಬಟ್ಟೆ ಗಿರಣಿಯ ಮಗ್ಗದ ಶೆಡ್ಡಿನಲ್ಲಿ ದುಡಿದವರು. ನೂರಾರು ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಕಡೆ ಗಂಟಲು ಹರಿಯುವಂತೆ ಕೂಗಿದರೂ ಕೂಗಿದವನಿಗೇ ಕೇಳುವುದಿಲ್ಲ. ಅಲ್ಲಿನ ಜನ ದನಿಯ ಗೊಡವೆಯನ್ನೇ ಬಿಟ್ಟಿದ್ದರು. ತುಟಿಯನ್ನು ದೊಡ್ಡದಾಗಿ ಆಡಿಸಿ, ಹುಬ್ಬು ಕೈ ಸೇರಿಸಿ, ಸದ್ದಿಲ್ಲದೆ ಮಾತಾಡುತ್ತಿದ್ದರು. ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹಾಗೆಯೇ ಹೆಣ್ಣು ಕೇಳುತ್ತಿದ್ದರು, ಬೈಯುತ್ತಿದ್ದರು, ಸಾಲದವನಿಗೆ ನೆನಪು ಮಾಡುತ್ತಿದ್ದರು. ಅದಕ್ಕೆ ಮಗ್ಗದ ಮಾತು ಎಂದು ಹೆಸರು. ಅಲ್ಲಿ ಗಂಡಸರು ಯಾರೂ ಮೀಸೆ ಬಿಡುತ್ತಿರಲಿಲ್ಲ. ಬಿಟ್ಟವನನ್ನು ನಂಬುತ್ತಿರಲಿಲ್ಲ. ಕೆಲವು ವರ್ಷಗಳಲ್ಲಿ ಕಿವಿ ಹೋಗುತ್ತಿತ್ತು. ಮಾತಿಗೆ ಅದರಿಂದ ತೊಂದರೆ ಇರಲಿಲ್ಲವಾದ್ದರಿಂದ ಹೋದದ್ದು ತಿಳಿಯುತ್ತಲೂ ಇರಲಿಲ್ಲ. ಗಿರಣಿ ಬಿಟ್ಟು ಬೀದಿಗೆ ಬಂದ ಮೇಲೆ ತಿಳಿಯುತ್ತಿತ್ತು.

ಅವನು ತತ್ವಶಾಸ್ತ್ರದಲ್ಲಿ ಬಿ.ಎ. ಮಾಡಿ, ಎಲ್ಲೂ ಕೆಲಸ ಸಿಗದೆ, ಸತ್ತ ಅಪ್ಪನ ಮಗ್ಗಕ್ಕೆ ಬಂದು ನಿಂತಿದ್ದ. ಶೆಡ್ಡು ಅವನಿಗೆ ಬಿ.ಎ. ಎಂದೇ ಹೆಸರಿಟ್ಟಿತು. ಮೊದಲ ದಿನಗಳಲ್ಲಿ ಎಲ್ಲರೂ ತನ್ನನ್ನು ನೋಡಿ ಬಾಯಿ ಆಡಿಸಿ ಅಣಕಿಸುತ್ತಿದ್ದಾರೆ ಎಂದುಕೊಂಡಿದ್ದ. ಪಕ್ಕದ ಮಗ್ಗದ ಹುಡುಗಿ ಒಂದೊಂದೇ ಅಕ್ಷರ ಕಲಿಸಿದಳು. ಅಣಕಿಸುತ್ತಿದ್ದುದು ನಿಜವೆಂದು ಆಗ ಗೊತ್ತಾಯಿತು. ಆ ಹುಡುಗಿಯೇ ಹೆಂಡತಿಯಾದಳು. ಮದುವೆಯಾದೊಡನೆ ಗಿರಣಿ ಬಿಟ್ಟದ್ದರಿಂದ ಅವಳ ಕಿವಿ ಉಳಿಯಿತು. ಬೀದಿಯಲ್ಲಿ, ನಾಲ್ಕು ಜನರ ಎದುರು, ದನಿಯಲ್ಲಿ ಅವಳಿಗೆ ಅವನು ‘ನೀವು’. ಮಗ್ಗದ ಮಾತಿನಲ್ಲಿ ಮಾತ್ರ ‘ನೀನು’. ರಾಜಧಾನಿಗೆ ಬಂದ ಮೇಲೆ ಅವಳು ಆ ‘ನೀನು’ ಆಡಿದ್ದು ಅವನಿಗೆ ನೆನಪಿಲ್ಲ. ಇಲ್ಲಿ ಮನೆ ತುಂಬ ನಿಶ್ಶಬ್ದವಾಗಿತ್ತು. ಮಗ್ಗದ ಮಾತಿಗೆ ಗದ್ದಲ ಬೇಕು.

ಸದನಕ್ಕೆ ಹೊರಟ ಕಾರು ಸಿಗ್ನಲ್ಲಿನಲ್ಲಿ ನಿಂತಿತು. ಪಕ್ಕದ ಕಾರಿನಲ್ಲಿ ಒಬ್ಬಾಕೆ ಗಾಜಿನಾಚೆ ಫೋನಿನಲ್ಲಿ ಹೇಳುತ್ತಿದ್ದಳು: ನಾನು ಆಗಲೇ ಮನೆ ತಲುಪಿದೀನಿ. ಅವನು ನೋಟ ತಿರುಗಿಸಿದ. ಇದೊಂದು ರೋಗ, ಓದಬಾರದು ಎಂದರೂ ಓದಿಬಿಡುತ್ತಿದ್ದ.

ಈ ರೋಗವೇ ಅವನನ್ನು ಇಲ್ಲಿಯವರೆಗೆ ತಂದಿತ್ತು. ಶೆಡ್ಡಿನ ಮೇಲೆ ಮ್ಯಾನೇಜರನ ಕಚೇರಿಗೆ ಗಾಜಿನ ಗೋಡೆ. ಒಳಗೆ ಸಾಹೇಬರು ಸಾಹೇಬರ ಭಾಷೆಯಲ್ಲಿ ಮಾತಾಡುತ್ತಿದ್ದರು. ತುಟಿ ಓದುವವರು ಕೆಳಗೆ ಎಲ್ಲರೂ ಇದ್ದರು, ಆ ಭಾಷೆ ಓದಿದವನು ಅವನೊಬ್ಬ. ಶೆಡ್ಡಿನೊಳಗೇ ಕೂತು ನಡೆಸಿದ ಮುಷ್ಕರದ ಮಧ್ಯೆ ಮ್ಯಾನೇಜರು, ‘ಇನ್ನೊಂದು ವಾರ ಇವರು ತಡೆದುಕೊಂಡರೆ ನಾವೇ ಬಗ್ಗಬೇಕಾಗುತ್ತದೆ’ ಎಂದದ್ದನ್ನು ಅವನು ಮಗ್ಗದ ಪಕ್ಕ ನಿಂತು ಓದಿದ. ಶೆಡ್ಡು ತಡೆದುಕೊಂಡಿತು. ಮ್ಯಾನೇಜರು ಬಗ್ಗಿದ. ಬಿ.ಎ.ಗೆ ಗೋಡೆಯಾಚೆಯದೂ ಕೇಳುತ್ತದೆ ಎಂದಾಯಿತು. ಅವನನ್ನು ಹೊತ್ತು ಕುಣಿದರು. ಕಾರ್ಯದರ್ಶಿಯಾದ, ಅಧ್ಯಕ್ಷನಾದ, ಎಲ್ಲ ಗಿರಣಿಗಳ ಒಕ್ಕೂಟಕ್ಕೆ ನಾಯಕನಾದ. ಒಂದು ಚುನಾವಣೆಯಲ್ಲಿ ಸೋತು, ಇನ್ನೊಂದರಲ್ಲಿ ಗೆದ್ದು ಸಂಸತ್ತಿಗೆ ಬಂದ.

ಪಕ್ಷ ತನ್ನನ್ನು ಕರೆದದ್ದು ತನ್ನ ಮಾತಿಗೆ ಎಂದು ತಿಳಿದಿದ್ದ. ಕೂರಿಸಿದ್ದು ಎದುರು ಪಕ್ಷದ ಮುಂದಿನ ಸಾಲಿಗೆ ನೇರ ಎದುರು. “ಅವರು ಏನು ಪಿಸುಗುಟ್ತಾರೆ, ಸ್ವಲ್ಪ ನೋಡ್ಕೊಂಡಿರಿ,” ಎಂದಿದ್ದರು ಸಚೇತಕರು, ಹೊಸ ಸೊಸೆಗೆ ಹಾಲು ಉಕ್ಕದಂತೆ ನೋಡಿಕೋ ಅನ್ನುವ ಹಾಗೆ. ಅವನು ನೋಡಿಕೊಂಡ. ದೇಶದ ಭವಿಷ್ಯದ ಗುಟ್ಟು ಈಗ ಬೀಳುತ್ತದೆ, ಆಗ ಬೀಳುತ್ತದೆ ಎಂದು ಕಾದ. ಅವರು ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತಿದ್ದರು. ಅಳಿಯಂದಿರ ಬಗ್ಗೆ. ಕ್ಯಾಂಟೀನಿನಲ್ಲಿ ಇವತ್ತು ಏನು ಮಾಡಿದ್ದಾರೆ ಎಂಬ ಬಗ್ಗೆ. ಒಮ್ಮೆ ಒಬ್ಬರು ಅವನನ್ನೇ ದಿಟ್ಟಿಸುತ್ತ ಪಕ್ಕದವರಿಗೆ, ‘ಇವನು ಯಾಕೆ ಯಾವಾಗಲೂ ನನ್ನ ಬಾಯಿಯನ್ನೇ ನೋಡ್ತಾನೆ’ ಎಂದಿದ್ದರು. ಅದನ್ನು ಅವನು ವರದಿ ಮಾಡಲಿಲ್ಲ.

ಸಚೇತಕರ ಕೋಣೆಯಲ್ಲಿ ಪರದೆ ಎಳೆದಿತ್ತು. ಅವರ ಮೀಸೆ ಹಳೆಯ ಕಾಲದ್ದು, ಎರಡು ತುಟಿಗಳನ್ನೂ ನುಂಗಿ ಕೂತಿತ್ತು. ಅವರ ಜೊತೆ ಮಾತಾಡುವಾಗ ಅವನು ಮುಂದೆ ಬಾಗಿ ಬಲಗಿವಿ ಕೊಡಬೇಕಾಗಿತ್ತು. ನೋಡುವವರಿಗೆ ಅದು ವಿನಯದಂತೆ ಕಾಣುತ್ತಿತ್ತು.

“ಮೀಸೆ ಚೆನ್ನಾಗಿ ಬಂತು,” ಎಂದರು ಸಚೇತಕರು. ಬಿಡಿ ಎಂದು ಸಲಹೆ ಕೊಟ್ಟವರೂ ಅವರೇ. ಟಿವಿಯಲ್ಲಿ ನಿಮ್ಮ ಬಾಯಿ ತುಂಬಾ ಆಡತ್ತೆ, ಜನ ಎಮ್ಮೆ ಮೆಲುಕು ಹಾಕೋದಕ್ಕೆ ಹೋಲಿಸ್ತಾರೆ ಎಂದಿದ್ದರು. ಅಂದಿನಿಂದ ಕನ್ನಡಿ ಮುಂದೆ ನಿಂತು ಬಾಯಿ ಸಣ್ಣದು ಮಾಡಿ ಮಾತಾಡುವುದನ್ನೂ ಅಭ್ಯಾಸ ಮಾಡಿದ್ದ.

“ನಿಮ್ಮ ತಿದ್ದುಪಡಿ ವಿಷಯ,” ಎಂದರು.

“ಹೇಳಿ.”

“ಹೇಳೋದೇನಿದೆ. ಒಳ್ಳೇ ತಿದ್ದುಪಡಿ.”

ಅವನಿಗೆ ಅರ್ಥವಾಯಿತು. ಸತ್ತವರ ಬಗ್ಗೆಯೂ ಹೀಗೆಯೇ ಹೇಳುತ್ತಾರೆ.

ಅದು ಕಾರ್ಖಾನೆ ಕಾಯಿಲೆಗಳ ಮಸೂದೆ. ಕೆಲಸದಿಂದ ಬಂದ ಯಾವ ಯಾವ ಕಾಯಿಲೆಗೆ ಮಾಲೀಕ ಪರಿಹಾರ ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ಶ್ವಾಸಕೋಶವಿತ್ತು, ಚರ್ಮವಿತ್ತು, ಕಣ್ಣಿತ್ತು. ಕಿವಿ ಇರಲಿಲ್ಲ. ಅವನ ತಿದ್ದುಪಡಿ ಒಂದೇ ಶಬ್ದದ್ದು: ‘ಕಿವುಡು’ ಎಂದು ಸೇರಿಸಬೇಕು. ಇಪ್ಪತ್ತು ವರ್ಷದ ರಾಜಕೀಯವನ್ನು ಹಿಂಡಿದರೆ ಈ ಒಂದು ಹನಿ ಬೀಳುತ್ತದೆ ಎಂದು ಅವನು ಒಮ್ಮೆ ಹೆಂಡತಿಗೆ ಹೇಳಿದ್ದ. ಹನಿಯಾದರೂ ಬೀಳಲಿ ಎಂದಿದ್ದಳು ಅವಳು.

“ಕಿವಿ ಸೇರಿಸಿದ್ರೆ ಗಿರಣಿ, ಗಣಿ, ಮುದ್ರಣಾಲಯ, ಎಲ್ಲಾರೂ ಸಾಲಾಗಿ ಬಂದು ನಿಲ್ತಾರೆ. ಮಾಲೀಕರು ಮಸೂದೆನೇ ಮುಳುಗಿಸ್ತಾರೆ. ಕಿವಿ ಉಳಿಸೋಕೆ ಹೋಗಿ ಮೂಗು ಕೊಯ್ಕೊಂಡ ಹಾಗೆ.”

“ಯೋಚಿಸ್ತೀನಿ.”

“ಯೋಚಿಸಿ. ಊಟ ಆದ ಮೇಲೆ ಬರತ್ತೆ. ಸಭಾಧ್ಯಕ್ಷರು ನಿಮ್ಮನ್ನ ಕರೀತಾರೆ, ಎದ್ದು ಒಂದು ವಾಕ್ಯ. ಮುಂದಿನ ವರ್ಷ ಹೊಸ ಮಸೂದೆ ತರೋಣ, ನೀವೇ ತನ್ನಿ.” ಸಚೇತಕರು ಒಂದು ಪೆನ್ನನ್ನು ಆಚೆಯಿಂದ ಈಚೆಗೆ ಸರಿಸಿದರು. “ಕಾರ್ಮಿಕ ಸಮಿತಿ ಅಧ್ಯಕ್ಷ ಸ್ಥಾನ ಖಾಲಿ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.”

“ಸಂಬಂಧ ಇಲ್ಲ ಅಂತ ಯಾಕೆ ಹೇಳ್ತಿದೀರಿ?”

“ನೀವು ತಪ್ಪು ತಿಳೀಬಾರದು ಅಂತ.”

“ಗಿರಣಿಯವರು ಮೂವರು ಬಂದಿದಾರೆ ಇವತ್ತು. ಗ್ಯಾಲರಿಯಲ್ಲಿ ಇರ್ತಾರೆ.”

ಸಚೇತಕರು ಪೆನ್ನಿನ ಮುಚ್ಚಳ ಹಾಕಿದರು. “ಅವರಿಗೆ ಕೇಳಲ್ವಲ್ಲ,” ಎಂದರು. ಅದರಲ್ಲಿ ಕುಹಕವಿರಲಿಲ್ಲ. ಒಂದು ಅನುಕೂಲವನ್ನು ನೆನಪಿಸಿದ್ದರು ಅಷ್ಟೇ.

ಕೋಣೆಯಿಂದ ಹೊರಗೆ ಬಂದಾಗ ತಾನು ಇನ್ನೂ ಬಾಗಿಯೇ ನಡೆಯುತ್ತಿರುವುದು ಅವನ ಗಮನಕ್ಕೆ ಬಂತು.

ಕ್ಯಾಂಟೀನಿನಲ್ಲಿ ಅವರನ್ನು ಹುಡುಕಬೇಕಾಗಲಿಲ್ಲ. ಎಲ್ಲ ತಲೆಗಳೂ ಒಂದೇ ಮೇಜಿನ ಕಡೆ ತಿರುಗಿದ್ದವು. ತಮ್ಮ ದನಿ ತಮಗೇ ಕೇಳದವರು ಗುಟ್ಟನ್ನೂ ಮೈದಾನದ ಭಾಷಣದಂತೆ ಹೇಳುತ್ತಾರೆ.

“ಇಲ್ಲಿ ಚಹಾ ಬಹಳ ನೀರು,” ಎಂದು ಗುಂಡಕ್ಕ ಇಡೀ ಸಂಸತ್ತಿಗೆ ತಿಳಿಸುತ್ತಿದ್ದಳು. ದುಂಡಗೆ, ಗಟ್ಟಿಯಾಗಿ, ಕುರ್ಚಿ ತುಂಬ ಕೂತಿದ್ದಳು.

ಹೆಂಡತಿ ಮೇಜಿನ ಮೇಲೆ ಎರಡು ಬಾರಿ ಬೆರಳು ಬಡಿದಳು. ಶೆಡ್ಡಿನ ಸನ್ನೆ ಅದು. ಮೂವರೂ ದನಿ ಆರಿಸಿ ಮಗ್ಗದ ಮಾತಿಗೆ ಇಳಿದರು. ಈಗ ಕ್ಯಾಂಟೀನು ಇನ್ನೂ ಹೆಚ್ಚು ನೋಡತೊಡಗಿತು. ನಾಲ್ಕು ಜನ ಸದ್ದಿಲ್ಲದೆ, ಇಷ್ಟಗಲ ಬಾಯಿ ಬಿಟ್ಟು, ಹುಬ್ಬು ಹಾರಿಸುತ್ತ, ಮೇಜು ಕುಟ್ಟಿ ನಗುತ್ತಿದ್ದರು.

ಅವನು ಕೂತ. ಬಾಗಿಲಿನ ಕಡೆಗೆ ಬೆನ್ನು ಹಾಕಿ.

ಮೇಸ್ತ್ರಿ ಅವನ ಮುಖವನ್ನು ಹೊಸ ಥಾನು ಬಟ್ಟೆ ಪರೀಕ್ಷಿಸುವಂತೆ ನೋಡಿದರು. ಶೆಡ್ಡಿನಲ್ಲಿ ಅವನಿಗೆ ಕೆಲಸ ಹೇಳಿಕೊಟ್ಟವರು. ಈಗ ಅವರಿಗೆ ಎರಡು ಕಿವಿಯೂ ಕೇಳುತ್ತಿರಲಿಲ್ಲ. “ಇದೇನಪ್ಪ, ಬಾಯಿಗೆ ಪರದೆ?”

“ಬಿ.ಎ. ಒಳಗಡೆ ಯಾರನ್ನೋ ಬಚ್ಚಿಟ್ಟಿದಾನೆ,” ಎಂದ ಲಾಳಿ. ನೂಲು ಹೊತ್ತು ಓಡುವ ಲಾಳಿಯಂತೆ ಒಂದು ಕಡೆ ನಿಲ್ಲದೆ ಮಗ್ಗದಿಂದ ಮಗ್ಗಕ್ಕೆ ಓಡಾಡುತ್ತಿದ್ದ ಅವನಿಗೆ ಆ ಹೆಸರು. ಈಗಲೂ ಕಾಲು ಆಡಿಸುತ್ತಲೇ ಇದ್ದ.

“ಗಂಡಸು ಮೀಸೆ ಬಿಟ್ಟರೆ ಎರಡೇ ಕಾರಣ,” ಎಂದಳು ಗುಂಡಕ್ಕ. “ಒಂದು, ಮೇಲಿನ ಹಲ್ಲು ಬಿದ್ದಿರಬೇಕು.”

“ಇನ್ನೊಂದು?”

“ಅದನ್ನ ನಿನ್ನ ಹೆಂಡತಿ ಎದುರು ಹೇಳಲ್ಲ.”

ಎಲ್ಲರೂ ನಕ್ಕರು. ಅವನೂ ನಕ್ಕ. ಬಹಳ ದಿನದ ಮೇಲೆ ಯಾರೋ ತನ್ನನ್ನು ಗೌರವವಿಲ್ಲದೆ ಮುಟ್ಟಿದಂತಾಯಿತು. ಅದು ಹಿತವಾಗಿಯೂ ಇತ್ತು, ಎದ್ದು ಹೋಗಬೇಕೆನಿಸುವಂತೆಯೂ ಇತ್ತು.

“ಕೂಸಿನಮನೆ ಕೆಲಸ ಹೇಗಿದೆ ಗುಂಡಕ್ಕ?” ಎಂದು ಕೈಯಲ್ಲಿ ತೊಟ್ಟಿಲು ತೂಗಿ ತೋರಿಸುತ್ತ ಕೇಳಿದ. ಗಿರಣಿ ಮುಚ್ಚಿದ ಮೇಲೆ ದುಡಿಯುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುವ ಕೆಲಸವನ್ನು ಅವನೇ ಕೊಡಿಸಿದ್ದ.

“ಬಿಡಿಸಿದ್ರು. ಒಂದು ಮಗು ತೊಟ್ಟಿಲಲ್ಲಿ ಅತ್ತೂ ಅತ್ತೂ ನೀಲಿ ತಿರುಗಿತ್ತು. ನಾನು ಪಕ್ಕದಲ್ಲೇ ಕೂತು ಬಟ್ಟೆ ಮಡಿಸ್ತಿದ್ದೆ.” ಅವಳ ತುಟಿ ಎಂದಿನಂತೆ ದೊಡ್ಡದಾಗಿಯೇ ಆಡುತ್ತಿತ್ತು. “ಮಗುಗೇನೂ ಆಗಲಿಲ್ಲ. ಮಗುಗೆ ಮಗ್ಗದ ಮಾತು ಕಲಿಸಿರಲಿಲ್ಲ ನೋಡು, ಅದು ನನ್ನ ತಪ್ಪು.”

ಈ ಸಲ ಯಾರೂ ನಗಲಿಲ್ಲ. ಗುಂಡಕ್ಕನೇ ನಕ್ಕಳು.

“ಪರಿಹಾರದ ಕಚೇರಿಗೆ ಹೋದ್ವಿ,” ಎಂದರು ಮೇಸ್ತ್ರಿ. “ಕಾನೂನಿನಲ್ಲಿ ಕಿವಿ ಬರೆದಿಲ್ಲ ಅಂದ್ರು. ನಮ್ಮ ಬಿ.ಎ. ಬರೆಸ್ತಾನೆ, ನೋಡ್ತಾ ಇರಿ ಅಂತ ಹೇಳಿ ಬಂದೆ. ಏನು ಹೇಳ್ತೀಯ ಅಲ್ಲಿ? ಉದ್ದವಾಗಿದೆಯಾ ಭಾಷಣ?”

ಈಗ ಹೇಳಬೇಕು ಎಂದುಕೊಂಡ. ಹೇಳುವುದು ಸುಲಭವಿತ್ತು. ಮಸೂದೆ ಮುಳುಗುತ್ತದೆ, ಮುಂದಿನ ವರ್ಷ ಹೊಸದು. ತಪ್ಪೇನೂ ಇಲ್ಲದ ಮಾತು. ಇವರು ಬೈಯುತ್ತಾರೆ, ಬೈದು ಊಟ ಮಾಡುತ್ತಾರೆ. ಮುಷ್ಕರಗಳಲ್ಲಿ ಇದಕ್ಕಿಂತ ಕೆಟ್ಟ ಸುದ್ದಿಯನ್ನು ಪೀಪಾಯಿಯ ಮೇಲೆ ನಿಂತು ಹೇಳಿದ್ದ. ತುಟಿ ಆಡಿಸಿದ.

“ಇವತ್ತು ಅಲ್ಲಿ…”

“ಏನೂ ಕಾಣಲ್ಲ,” ಎಂದರು ಮೇಸ್ತ್ರಿ. “ಬಾಯಿ ಬಿಡು.”

ಬಿಟ್ಟ. ಎಷ್ಟು ಬಿಟ್ಟರೂ ಅದು ಕನ್ನಡಿಯ ಮುಂದೆ ಕಲಿತಷ್ಟೇ ತೆರೆಯುತ್ತಿತ್ತು. ಲಾಳಿ ಮುಂದೆ ಬಗ್ಗಿ ಕಣ್ಣು ಕಿರಿದು ಮಾಡಿದ. “ಊಟ ಅಂತಿದಾನಾ?” ಎಂದು ಗುಂಡಕ್ಕನನ್ನು ಕೇಳಿದ.

“ಹೌದು,” ಎಂದ ಅವನು. “ಊಟ ಮಾಡಿ. ಹೊತ್ತಾಯ್ತು.”

ಹೆಂಡತಿ ಅವನ ಬಾಯಿಯನ್ನು ನೋಡುತ್ತಿರಲಿಲ್ಲ. ಕೊರಳನ್ನು ನೋಡುತ್ತಿದ್ದಳು. ಮದುವೆಗೆ ಮುಂಚೆ, ನಿನ್ನ ತುಟಿ ನನಗೆ ಬೇಡ, ಸುಳ್ಳು ಹೇಳುವಾಗ ನಿನ್ನ ಗಂಟಲ ಮಣಿ ಮಾತಿಗಿಂತ ಮೊದಲೇ ಮೇಲೆ ಹೋಗತ್ತೆ ಎಂದಿದ್ದಳು. ಅಂದು ಅದನ್ನು ಪ್ರೀತಿಯ ಮಾತೆಂದು ತಿಳಿದಿದ್ದ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

“ಬೋಳಿಸ್ಕೊಂಡು ಬರ್ತೀಯಾ?” ಎಂದರು ಮೇಸ್ತ್ರಿ. “ಕೆಳಗಡೆ ಕ್ಷೌರದ ಅಂಗಡಿ ಇದೆಯಂತಲ್ಲ ನಿಮಗೆ. ಮೇಲೆ ಕೂತ್ರೆ ದೂರ ಆಗತ್ತೆ.”

“ಸಮಯ ಇಲ್ಲ ಮೇಸ್ತ್ರಿ,” ಎಂದು ಕೈಗಡಿಯಾರ ತೋರಿಸಿದ.

“ಹಾಗಾದ್ರೆ ಮುಖ ಎತ್ತಿ ಮಾತಾಡು. ಆ ಒಂದು ಮಾತು ಕಂಡರೆ ಸಾಕು.”

ಸದನದಲ್ಲಿ ಊಟದ ನಂತರದ ತೂಕಡಿಕೆ ಇತ್ತು. ಅವನು ಕಿವಿಯ ಸಾಧನ ತಲೆಗೇರಿಸಿದ. ಒಳಗಿನಿಂದ ಯಾರೋ ಚರ್ಮ ರೋಗದ ಬಗ್ಗೆ ಹೇಳುತ್ತಿದ್ದರು. ಎದುರು ಸಾಲಿನಲ್ಲಿ ಇಬ್ಬರು ಪಿಸುಗುಟ್ಟುತ್ತಿದ್ದರು. ಓದಿದ: ‘ಬಿಸಿನೀರಲ್ಲಿ ಕಾಲಿಡು, ಮಾತ್ರೆ ಬೇಡ.’

ತಲೆಯೆತ್ತಿದ. ಗ್ಯಾಲರಿಗೆ ಗಾಜು ಹಾಕಿದ್ದರು. ಹಿಂದೆ ಯಾರೋ ಕೆಳಗೆ ಕಾಗದ ಎಸೆದ ಮೇಲೆ ಬಂದ ಗಾಜು. ಅದರಾಚೆ ಮುಂದಿನ ಸಾಲಿನಲ್ಲಿ ನಾಲ್ವರು ಸಾಲಾಗಿ ಕೂತಿದ್ದರು. ಗ್ಯಾಲರಿಯಲ್ಲಿ ಮಾತಾಡಬಾರದೆಂಬ ನಿಯಮ ಅವರಿಗೆ ತಾಗುತ್ತಿರಲಿಲ್ಲ. ಕಾವಲಿನವನು ಅವರ ಆಡುವ ಬಾಯಿಗಳನ್ನು ನೋಡಿ, ಸದ್ದು ಬರದಿದ್ದಕ್ಕೆ ಏನು ಮಾಡಬೇಕೋ ತಿಳಿಯದೆ ನಿಂತಿದ್ದ. ಲಾಳಿ ಕೆಳಗಿನ ಬೋಳು ತಲೆಗಳನ್ನು ಎಣಿಸಿ ಗುಂಡಕ್ಕನಿಗೆ ಹೇಳುತ್ತಿದ್ದ. ಅವನಿಗೆ ನಗು ಬಂತು. ಅಷ್ಟು ದೂರದಿಂದಲೂ ಪ್ರತಿ ಮಾತೂ ಹಗಲಿನಷ್ಟು ಸ್ಪಷ್ಟವಾಗಿತ್ತು.

ಒಮ್ಮೆ ಶೆಡ್ಡಿನಲ್ಲಿ ತಾನು ಕೆಳಗೆ ನಿಂತು ಮೇಲಿನ ಗಾಜಿನತ್ತ ನೋಡಿ ಓದಿದ್ದ. ಈಗಲೂ ಗಾಜು ಮೇಲೆಯೇ ಇತ್ತು, ಅವನು ಕೆಳಗೆಯೇ ಇದ್ದ.

ಅಧ್ಯಕ್ಷರು ಅವನ ಕ್ಷೇತ್ರದ ಹೆಸರು ಕರೆದರು. ತಿದ್ದುಪಡಿ ಮಂಡಿಸುತ್ತೀರಾ ಎಂದು ಕೇಳಿದರು.

ಎದ್ದ. ಮೇಲೆ ನಾಲ್ಕು ಮುಖಗಳೂ ಒಟ್ಟಿಗೆ ಮುಂದೆ ಬಾಗಿದವು. ಮೇಸ್ತ್ರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮುಖ ಎತ್ತಿದರೆ ಒಂದು ಮಾತು, ತಗ್ಗಿಸಿದರೆ ಇನ್ನೊಂದು. ಇಷ್ಟು ಸರಳವಾದ ಆಯ್ಕೆಯನ್ನು ತತ್ವಶಾಸ್ತ್ರದ ಯಾವ ಪುಸ್ತಕವೂ ಅವನ ಮುಂದಿಟ್ಟಿರಲಿಲ್ಲ. ಮೂರನೆಯದು ಇದ್ದೇ ಇರುತ್ತದೆ ಎಂದು ಆ ಪುಸ್ತಕಗಳು ಹೇಳುತ್ತಿದ್ದವು. ಕ್ಷಣಕಾಲ ಅದಕ್ಕಾಗಿ ಹುಡುಕಿದ. ಮೈಕಿನ ಕೆಂಪು ದೀಪ ಹತ್ತಿತು.

ದೀಪದ ಕಡೆ ಬಾಗಿದ.

“ಮಾನ್ಯ ಅಧ್ಯಕ್ಷರೇ, ನನ್ನ ತಿದ್ದುಪಡಿಯನ್ನು ಹಿಂದಕ್ಕೆ ಪಡೆಯುತ್ತೇನೆ.”

ಚೆನ್ನಾಗಿ ಹೇಳಿದ್ದ. ಮೀಸೆ ಕೂಡ ಅಲುಗಲಿಲ್ಲ. ಕೂತಾಗ ಪಕ್ಕದ ಸದಸ್ಯರು ಎಚ್ಚರಗೊಂಡು, “ಏನಂದ್ರಿ?” ಎಂದರು.

“ಏನಿಲ್ಲ.”

“ಒಳ್ಳೇದು,” ಎಂದು ಅವರು ಮತ್ತೆ ಕಣ್ಣು ಮುಚ್ಚಿದರು.

ಮೇಲೆ ನೋಡಬಾರದೆಂದುಕೊಂಡ. ನೋಡಿದ. ಮೂವರೂ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಕಾಣಿಸ್ತಾ? ನನಗೆ ಕಾಣಲಿಲ್ಲ. ನಿನಗೆ? ಎದ್ದ ಅಲ್ವಾ, ಎದ್ದು ಹೇಳಿದ ಅಲ್ವಾ. ಹೇಳಿದ, ಹೇಳಿದ. ಇಷ್ಟು ಬೇಗ? ಒಂದೇ ಮಾತು ತಾನೇ ಇದ್ದದ್ದು. ಮೇಸ್ತ್ರಿ ಅವನ ಕಡೆ ತಿರುಗಿ ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಅಗಲಕ್ಕೆ ಹಿಡಿದರು. ಒಂದು ಥಾನು ಬಟ್ಟೆ ನೂಲು ಕಡಿಯದೆ ಕೊನೆಮುಟ್ಟಿದಾಗ ಶೆಡ್ಡಿನಲ್ಲಿ ಹಾಗೆ ಕೈ ಎತ್ತುತ್ತಿದ್ದರು. ಈಗ ಮೇಸ್ತ್ರಿ, ಆಯಿತಾ ಎಂದು ಹುಬ್ಬಿನಲ್ಲಿ ಕೇಳುತ್ತಿದ್ದರು.

ಅವನು ತಲೆಯಾಡಿಸಿದ. ಹೌದು ಎಂದು.

ಯಾಕೆ ಆಡಿಸಿದನೋ. ಆ ಸುಳ್ಳನ್ನು ಅವನಿಂದ ಯಾರೂ ಬಯಸಿರಲಿಲ್ಲ, ಸಚೇತಕರೂ ಸಹ.

ಗುಂಡಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಲಾಳಿಯ ಕಾಲು ಮೊದಲ ಬಾರಿ ನಿಂತಿತ್ತು. ಸಾಲಿನ ಕೊನೆಯಲ್ಲಿ ಹೆಂಡತಿ ಕೂತಲ್ಲೇ ಕೂತಿದ್ದಳು. ಅವನು ತನ್ನ ಕೊರಳಿಗೆ ಕೈ ಒಯ್ದ. ಗುಂಡಿ ಯಾವಾಗಲೋ ಬಿಚ್ಚಿಹೋಗಿತ್ತು.

ಅವಳು ಬಾಯಿ ತೆರೆದಳು. ಶೆಡ್ಡಿನಲ್ಲಿ ತೆರೆಯುತ್ತಿದ್ದಷ್ಟೇ ಅಗಲವಾಗಿ, ಅವನೊಬ್ಬನಿಗೆ.

‘ನೀನು,’ ಎಂದಳು.

ಅವನು ಕಾದ. ಮುಂದಿನ ಮಾತು ಬರಲಿಲ್ಲ. ಅವಳು ಎದ್ದಳು, ಮೂವರ ಎದುರಿಗೆ ಹೋಗಿ ನಿಂತಳು, ಗಾಜಿಗೆ ಬೆನ್ನು ಹಾಕಿದಳು.

ಕಿವಿಯ ಸಾಧನದಲ್ಲಿ ಅಧ್ಯಕ್ಷರ ದನಿ, ಮಸೂದೆಯ ಪರವಾಗಿರುವವರು ಹೌದು ಎನ್ನಬೇಕೆಂದು ಕೇಳಿತು. ಸುತ್ತಲೂ ನೂರಾರು ಬಾಯಿಗಳು ಒಟ್ಟಿಗೆ ತೆರೆದು ಮುಚ್ಚಿದವು. ಸದ್ದು ಮಗ್ಗಗಳ ಸದ್ದಿನಂತೆ ತಲೆಯೊಳಗೆ ಬಡಿಯಿತು. ಅವನೂ ಬಾಯಿ ತೆರೆದ.

ಗಾಜಿನಾಚೆ ಅವಳ ಕೆನ್ನೆಯ ಅಂಚು ಆಡುತ್ತಿತ್ತು. ಅದರಾಚೆ ಮೂರು ಮುಖಗಳು ಅವಳ ತುಟಿಯ ಮೇಲೆ ನೆಟ್ಟಿದ್ದವು. ಬೆನ್ನು ಏನು ಹೇಳುತ್ತಿದೆಯೋ ಅವನಿಗೆ ಕಾಣಲಿಲ್ಲ. ಮೇಸ್ತ್ರಿಯ ಕೈಗಳು ಇನ್ನೂ ಮೇಲೆಯೇ ಇದ್ದವು.